ಹಿಂದಿನ ಸೀಟಿನ ಮೇಸ್ತ್ರಿ

“ಅಪ್ಪಾವರೇ, ಒಬ್ಬನ ಸಂಕಟ ನಮ್ಮ ಕಣ್ಣಿಗೆ ಬೀಳುತ್ತದೆ. ಅವನು ಮಾತ್ರ ಬಾಯಿ ಬಿಡುವುದಿಲ್ಲ. ಆಗ ನಾವಾಗಿ ಕೇಳಬೇಕೋ, ಅವನಾಗಿ ಹೇಳುವವರೆಗೆ ಕಾಯಬೇಕೋ?”

ಶಿಷ್ಯ ಮರುಳಯ್ಯ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದ. ಮಠದಲ್ಲಿ ಅವನ ಕೋಣೆಯಲ್ಲಿ ಇನ್ನೊಬ್ಬ ಶಿಷ್ಯನಿದ್ದ. ಹತ್ತು ದಿನದ ಹಿಂದೆ ಆ ಶಿಷ್ಯನಿಗೆ ಊರಿನಿಂದ ಒಂದು ಕಾಗದ ಬಂದಿತ್ತು. ಅಂದಿನಿಂದ ಅವನು ಅರ್ಧ ಊಟ ಬಿಟ್ಟು ಏಳುತ್ತಿದ್ದ, ಪಾಠದ ನಡುವೆ ಎದ್ದು ಹೋಗುತ್ತಿದ್ದ. ಮರುಳಯ್ಯ ಇದನ್ನೆಲ್ಲ ನೋಡಿದ್ದ. ಏನೂ ಕೇಳಿರಲಿಲ್ಲ.

“ನಿನಗೇನು ತೋರುತ್ತದೆ?” ಎಂದರು ಗುರುಗಳು.

ಕೇಳದವನಿಗೆ ಹೇಳಬಾರದು, ಕರೆಯದ ಮನೆಗೆ ಹೋಗಬಾರದು ಎಂದು ಹಿರಿಯರು ಹೇಳುತ್ತಾರೆ. ಕಾಯುವುದೇ ಮರ್ಯಾದೆ ಎಂದು ತನಗೆ ತೋರುತ್ತದೆ ಎಂದ ಮರುಳಯ್ಯ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ದಸ್ತಗೀರ್ ಎಂಬ ಮೇಸ್ತ್ರಿ ಇದ್ದ. ಕಾರು, ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ಸೋರಿದರೆ ಬೆಸುಗೆ ಹಾಕಿ ಕೊಡುವುದು ಅವನ ಕಸುಬು. ಎಂಜಿನ್ನಿನ ಬಿಸಿಯನ್ನು ನೀರು ಹೊತ್ತು ತರುತ್ತದೆ, ಆ ನೀರನ್ನು ರೇಡಿಯೇಟರ್ ಆರಿಸುತ್ತದೆ. ಅದು ಸೋರಿತೆಂದರೆ ಎಂಜಿನ್ ಬದುಕುವುದಿಲ್ಲ. ಉಳಿದವರು ರೇಡಿಯೇಟರನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡಿ ತೂತು ಹುಡುಕುತ್ತಿದ್ದರು. ದಸ್ತಗೀರ್ ಮೂವತ್ತು ವರ್ಷ ಅದೊಂದೇ ಕೆಲಸ ಮಾಡಿದವನು. ಅವನಿಗೆ ತೊಟ್ಟಿ ಬೇಕಿರಲಿಲ್ಲ. ಗಾಡಿ ಬಂದು ನಿಂತ ಜಾಗದಲ್ಲಿ ಬಿದ್ದ ಹನಿ ನೋಡಿ ಇಂಥ ಕಡೆ ಇಷ್ಟು ಉದ್ದ ಬಿಟ್ಟಿದೆ ಎಂದು ಹೇಳುತ್ತಿದ್ದ.

ಅವನು ಕೆಟ್ಟವನಲ್ಲ. ಒಬ್ಬರಿಗೂ ಮೋಸ ಮಾಡಿದವನಲ್ಲ. ಆದರೆ ಅವನು ಯಾವತ್ತೂ ತಾನಾಗಿ ಮೊದಲು ಮಾತಾಡಿದವನಲ್ಲ. ತಪ್ಪು ಮಾಡಿದವನೇ ಬಂದು ಹೇಳಲಿ ಎಂಬುದು ಅವನ ನ್ಯಾಯ. ತಪ್ಪು ತನ್ನದಾದಾಗ ಆ ನ್ಯಾಯ ಸ್ವಲ್ಪ ತಿರುಗುತ್ತಿತ್ತು. ಎದುರಿನವನು ಬಂದು ಕೇಳಲಿ, ಕೇಳಿದರೆ ಒಪ್ಪಿಕೊಳ್ಳುತ್ತೇನೆ ಎನ್ನುತ್ತಿದ್ದ.

ಅವನಿಗೆ ಲಾಲಸಾಬ ಎಂಬ ಗೆಳೆಯನಿದ್ದ. ಇಬ್ಬರೂ ಒಬ್ಬನೇ ಉಸ್ತಾದನ ಹತ್ತಿರ ಕಲಿತವರು, ಒಂದೇ ಅಂಗಡಿಯಲ್ಲಿ ಎದುರುಬದುರು ಕುಳಿತು ಕೆಲಸ ಮಾಡಿದವರು. ಒಂದು ದಿನ ಬೆಸುಗೆ ಹಾಕಿ ಕೊಟ್ಟ ರೇಡಿಯೇಟರ್ ಒಂದು ಮತ್ತೆ ಸೋರಿ ವಾಪಸು ಬಂತು. ಗಾಡಿಯವನು ಕೂಗಾಡಿದ. ಅಂಗಡಿಯ ಮುಂದೆ ಹತ್ತು ಜನ ಸೇರಿದರು. ಅಷ್ಟು ಜನರ ಎದುರಿಗೆ ದಸ್ತಗೀರ್, ಇದು ನನ್ನ ಕೈಯ ಕೆಲಸವಲ್ಲ ಎಂದುಬಿಟ್ಟ. ದೂರು ಲಾಲಸಾಬನ ತಲೆಯ ಮೇಲೆ ಬಂತು. ಜನ ಹೋದ ಮೇಲೆ ದಸ್ತಗೀರ್ ರೇಡಿಯೇಟರನ್ನು ತಿರುಗಿಸಿ ನೋಡಿದ. ಬೆಸುಗೆ ಅವನದೇ ಆಗಿತ್ತು. ಮರುದಿನ ಹೇಳಿದರಾಯಿತು ಎಂದುಕೊಂಡ. ಮರುದಿನ ಲಾಲಸಾಬ ಬರಲಿಲ್ಲ. ಅರವತ್ತು ಮೈಲಿ ಆಚೆ, ರೈಲು ನಿಲ್ಲುವ ದೊಡ್ಡ ಊರಿಗೆ ಹೋಗಿ ಬೇರೆ ಅಂಗಡಿ ಹಾಕಿದ ಎಂದು ತಿಂಗಳ ಮೇಲೆ ತಿಳಿಯಿತು.

ಅವನು ಬಂದು ಕೇಳಲಿ, ಹೇಳುತ್ತೇನೆ ಎಂದು ದಸ್ತಗೀರ್ ಕಾದ. ಹನ್ನೊಂದು ವರ್ಷ ಕಳೆಯಿತು.

ಹನ್ನೆರಡನೆಯ ವರ್ಷ ಲಾಲಸಾಬನೇ ಒಂದು ಕಾರ್ಡು ಬರೆದ. ಹಜ್ ಯಾತ್ರೆಗೆ ಹೊರಟಿದ್ದ. ಯಾತ್ರೆಗೆ ಹೊರಡುವವರು ಬಂಧುಬಳಗವನ್ನೆಲ್ಲ ಕಂಡು, ಆಡಿದ್ದು ಅಂದದ್ದೆಲ್ಲ ಮಾಫ್ ಮಾಡಿ ಎಂದು ಕೇಳಿಕೊಂಡು ಹೋಗುವುದು ಅವರಲ್ಲಿ ರೂಢಿ. ಎಲ್ಲರನ್ನೂ ಕಂಡೆ, ನೀನೊಬ್ಬ ಉಳಿದಿದ್ದೀಯ, ಮಂಗಳವಾರ ನಾಲ್ಕು ಗಂಟೆಯ ಮುಂಬಯಿ ರೈಲಿಗೆ ಹೋಗುತ್ತೇನೆ, ಬಂದರೆ ನೋಡುತ್ತೇನೆ ಎಂದಷ್ಟೇ ಬರೆದಿದ್ದ. ಕಾರ್ಡು ದಾರಿಯಲ್ಲಿ ಎಲ್ಲೋ ತಡವಾಗಿತ್ತು. ಅಂಚೆಯವನು ತಂದು ಕೊಟ್ಟದ್ದು ಮಂಗಳವಾರವೇ, ಬೆಳಗಿನ ಹನ್ನೊಂದು ಗಂಟೆಗೆ. ಆಗ ಈಗಿನ ಹಾಗೆ ಕಿಸೆಯಲ್ಲಿ ಫೋನು ಇರಲಿಲ್ಲ.

ದಸ್ತಗೀರ್ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟ. ಕೈಯ ಮಸಿ ತಿಕ್ಕಿ ತೊಳೆದ. ಹಬ್ಬಕ್ಕೆ ಇಟ್ಟಿದ್ದ ಬಿಳಿ ಜುಬ್ಬ ಹಾಕಿಕೊಂಡ, ಕಿವಿಯ ಹಿಂದೆ ಅತ್ತರು ಹಚ್ಚಿಕೊಂಡ. ಹೊಸ್ತಿಲು ದಾಟುವಾಗಲೇ ಬಾಯಲ್ಲಿ ಒಂದು ಮಾತು ಜೋಡಿಸಿಕೊಂಡಿದ್ದ. ‘ಆ ಬೆಸುಗೆ ನನ್ನದಾಗಿತ್ತು, ಲಾಲ.’ ಇಷ್ಟೇ ಮಾತು. ಹನ್ನೊಂದು ವರ್ಷ ಗಂಟಲಲ್ಲಿ ಕೂತಿದ್ದದ್ದು ಈಗ ನಾಲಿಗೆಯ ತುದಿಗೆ ಬಂದು, ಹೊರಗೆ ಬೀಳಲು ತಹತಹಿಸುತ್ತಿತ್ತು.

ದೊಡ್ಡ ಊರಿನ ಬಸ್ಸು ಹತ್ತಕ್ಕೇ ಹೋಗಿತ್ತು. ನಿಲ್ದಾಣದ ಬೇವಿನ ಮರದ ಕೆಳಗೆ ಮೂರು ಬಾಡಿಗೆ ಕಾರುಗಳು ನಿಂತಿದ್ದವು. ಅವುಗಳಲ್ಲಿ ಒಂದು ದೊಡ್ಡ ಊರಿನದೇ. ಯಾರನ್ನೋ ಬಿಟ್ಟು, ಖಾಲಿ ಮರಳುವುದಿತ್ತು. ಅದರ ಡ್ರೈವರ್ ಯಂಕೋಬ ಎಂಬವನು ಓಡಿ ಬಂದು ದಸ್ತಗೀರನ ಕೈಚೀಲ ಇಸಿದುಕೊಂಡ. ಬಿಳಿ ಜುಬ್ಬದ ಈ ಮನುಷ್ಯ ಯಾರು, ಏನು ಕಸುಬಿನವನು ಎಂಬುದು ಅವನಿಗೆ ಗೊತ್ತಿರಲಿಲ್ಲ.

ದಸ್ತಗೀರ್ ಕಾರಿನ ಮುಂದೆ ಹಾದು ಬಂದ. ಕಣ್ಣು ತಾನಾಗಿ ನೆಲಕ್ಕೆ ಹೋಯಿತು. ಧೂಳಿನಲ್ಲಿ ಅಂಗೈಯಗಲ ಒದ್ದೆ. ಹನಿ ಬಿದ್ದದ್ದು ಬಲಗಡೆಗೆ. ಜಾಲರಿಯ ಹಿಂದೆ ಸುಣ್ಣದ ಗೆರೆಯಂತೆ ನೀರು ಒಣಗಿದ ಕಲೆ. ಕೆಳಗಿನ ಟ್ಯಾಂಕಿನ ಬಲಮೂಲೆಯಲ್ಲಿ ಬೆಸುಗೆ ಬಿಟ್ಟಿದೆ, ಬೆರಳುದ್ದ, ಬಿಟ್ಟು ನಾಲ್ಕು ದಿನವಾಗಿದೆ. ಇಷ್ಟನ್ನೂ ಅವನು ಒಂದು ಹೆಜ್ಜೆ ಎತ್ತಿ ಇನ್ನೊಂದು ಇಡುವುದರೊಳಗೆ ತಿಳಿದ.

“ಗಾಡಿ ಸರಿ ಐತೇನು ತಮ್ಮಾ?” ಎಂದು ಕೇಳಿದ.

“ಕುದುರಿ ಇದ್ದಂಗ ಐತ್ರೀ. ಕೂಡ್ರಿ ನೀವು,” ಎಂದ ಯಂಕೋಬ.

ದಸ್ತಗೀರ್ ಅವನ ಮುಖ ನೋಡಿದ. ಯಂಕೋಬ ಮುಖ ತಿರುಗಿಸಿ ಬಾಗಿಲು ತೆಗೆದ. ಚೀಲ ಇಡಲು ತೆರೆದ ಡಿಕ್ಕಿಯಲ್ಲಿ ಎರಡು ನೀರಿನ ಕ್ಯಾನುಗಳಿದ್ದದ್ದನ್ನೂ ದಸ್ತಗೀರ್ ನೋಡಿದ್ದ. ಅಂದರೆ ಇವನಿಗೆ ಗೊತ್ತಿದೆ, ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾನೆ. ಪಕ್ಕದಲ್ಲಿ ಇನ್ನೆರಡು ಕಾರು ಇದ್ದವು. ಅವುಗಳ ಕಡೆ ಹೋಗಬಹುದಿತ್ತು. ಇಲ್ಲವೇ ಯಂಕೋಬನ ಹೆಗಲ ಮೇಲೆ ಕೈಯಿಟ್ಟು, ನಾನು ಈ ಕೆಲಸದವನೇ, ಬಾ ನೋಡೋಣ ಎನ್ನಬಹುದಿತ್ತು. ಎರಡೂ ಮಾಡಲಿಲ್ಲ. ಇವನು ಎಲ್ಲಿಯವರೆಗೆ ಮುಚ್ಚಿಡುತ್ತಾನೆ ನೋಡೋಣ ಎನ್ನಿಸಿತು. ಹಿಂದಿನ ಸೀಟಿನಲ್ಲಿ ಕುಳಿತ. ಕಾರು ಹೊರಟಿತು. ಆಗ ಹನ್ನೊಂದೂವರೆ.

ಬಿಸಿಲು ಏರಿತ್ತು. ದಸ್ತಗೀರ್ ಬಲಕ್ಕೆ ಕುಳಿತ, ಎಡಕ್ಕೆ ಸರಿದ, ಮತ್ತೆ ಬಲಕ್ಕೆ ಬಂದ. ಮೈಲಿಗಲ್ಲುಗಳನ್ನು ಎಣಿಸಿದ. ಹನ್ನೆರಡನೆಯ ಕಲ್ಲು ದಾಟುವಾಗ ಕಾದ ತುಕ್ಕುನೀರಿನ ವಾಸನೆ ಮೂಗಿಗೆ ಬಂತು. ಇನ್ನೇನು ನಿಲ್ಲಿಸುತ್ತಾನೆ ಎಂದುಕೊಂಡ. ಯಂಕೋಬ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ, ಬಿಸಿಲು ಬಹಳ, ಒಂದು ಗುಟುಕು ಚಹಾ ಕುಡಿಯಿರಿ ಎಂದ. ದಸ್ತಗೀರನಿಗೆ ಚಹಾ ಬೇಕಿರಲಿಲ್ಲ. ಆದರೂ ಇಳಿದ. ಯಂಕೋಬ ಕಾರನ್ನು ಅಂಗಡಿಯ ಹಿಂದಕ್ಕೆ ಒಯ್ದ. ಬಾನೆಟ್ಟು ಎತ್ತಿದ ಸದ್ದು, ಒದ್ದೆ ಬಟ್ಟೆಯ ಮೇಲೆ ಉಗಿ ಬುಸುಗುಟ್ಟಿದ ಸದ್ದು, ಕ್ಯಾನಿನಿಂದ ನೀರು ಗುಳುಗುಳು ಇಳಿದ ಸದ್ದು ಒಂದೊಂದಾಗಿ ಕೇಳಿಬಂತು. ಕಾಲು ಗಂಟೆ ಹೋಯಿತು.

ಬಂದವನನ್ನು ದಸ್ತಗೀರ್, ಯಾಕಪ್ಪಾ ತಡ, ಏನಾದರೂ ತೊಂದರೆಯೇ ಎಂದು ಕೇಳಿದ. ಗಾಲಿಯ ಗಾಳಿ ನೋಡಿದೆ, ಬೇರೇನಿಲ್ಲ ಎಂದ ಯಂಕೋಬ. ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು.

ಆ ಅಂಗಡಿಯ ಹಲಗೆಯ ಮೇಲೆ ಬಟ್ಟೆ ಸಾಬೂನಿನ ಬಿಲ್ಲೆಗಳನ್ನು ಪೇರಿಸಿಟ್ಟಿದ್ದರು. ದಸ್ತಗೀರ್ ಅವುಗಳನ್ನೇ ನೋಡುತ್ತ ನಿಂತಿದ್ದ. ಕೆಲಸ ಹತ್ತು ನಿಮಿಷದ್ದು. ಸಾಬೂನನ್ನು ನಾದಿ ಮೆತ್ತಗೆ ಮಾಡಿ ಬಿರುಕಿಗೆ ತಿಕ್ಕಿ ತುಂಬಬೇಕು. ರೇಡಿಯೇಟರಿನ ಮುಚ್ಚಳವನ್ನು ಬಿಗಿಯದೆ ಅರ್ಧಕ್ಕೆ ತಿರುಗಿಸಿ ಬಿಡಬೇಕು. ಆಗ ಒಳಗೆ ಉಗಿಯ ಒತ್ತಡ ಏರುವುದಿಲ್ಲ, ಸಾಬೂನು ಕೂತಲ್ಲೇ ಕೂರುತ್ತದೆ. ಅವಸರ ಮಾಡದೆ ಓಡಿಸಿದರೆ ಊರು ಮುಟ್ಟಬಹುದು. ಇದನ್ನು ಅವನು ಎಷ್ಟು ಜನ ಲಾರಿಯವರಿಗೆ ಹೇಳಿಕೊಟ್ಟಿದ್ದನೋ. ಆದರೆ ಅವರೆಲ್ಲ ಬಂದು ಕೇಳಿದ್ದರು. ಇವನು ಕೇಳುತ್ತಿಲ್ಲ. ಎರಡು ಸಲ ಬಾಗಿಲು ತೆರೆದು ಕೊಟ್ಟೆ, ಎರಡು ಸಲವೂ ಇವನೇ ಮುಚ್ಚಿದ. ದಸ್ತಗೀರ್ ಚಹಾದ ಲೋಟ ಇಟ್ಟು ಕಾರು ಹತ್ತಿದ.

ಇನ್ನೂ ಹತ್ತು ಮೈಲಿ ಹೋಗುವುದರಲ್ಲಿ ವಾಸನೆ ಮತ್ತೆ ಬಂತು. ಈ ಸಲ ದಾರಿಯ ಬದಿ ಒಂದು ಹನುಮಪ್ಪನ ಗುಡಿ, ಪಕ್ಕದಲ್ಲಿ ಬೋರಿಂಗು. ಹರಕೆಯಿದೆ, ಕೈಮುಗಿದು ಬರುತ್ತೇನೆ ಎಂದು ಯಂಕೋಬ ಇಳಿದ. ಗುಡಿಯ ಕಡೆ ಎರಡು ಹೆಜ್ಜೆ ಹಾಕಿ ಬೋರಿಂಗಿನ ಕಡೆ ತಿರುಗಿದ. ಬೋರಿಂಗು ಬಹಳ ಹೊತ್ತು ಒಣಗಿ ಕೂಗಿ ಆಮೇಲೆ ನೀರು ಕೊಟ್ಟಿತು. ದಸ್ತಗೀರ್ ಕಾರಿನಿಂದ ಇಳಿದ, ಹತ್ತಿದ, ಮತ್ತೆ ಇಳಿದ. ಗಡಿಯಾರ ನೋಡಿದ. ಒಂದು ಗಂಟೆ ಹತ್ತು ನಿಮಿಷ.

ಈಗ ಹೇಳಿಬಿಡಬೇಕು ಎನ್ನಿಸಿತು. ಬಾಯಿಯನ್ನೂ ತೆರೆದ. ಆದರೆ ಏನೆಂದು ಹೇಳುವುದು? ಬೇವಿನ ಮರದ ಕೆಳಗೆ ಹೇಳಿದ್ದರೆ ಅದು ಉಪಕಾರವಾಗುತ್ತಿತ್ತು. ಚಹಾದಂಗಡಿಯಲ್ಲಿ ಹೇಳಿದ್ದರೆ ಬುದ್ಧಿಮಾತಾಗುತ್ತಿತ್ತು. ಈಗ ಹೇಳಿದರೆ, ನೀನು ಸುಳ್ಳ, ನಾನು ಮೊದಲಿನಿಂದ ನಿನ್ನ ಸುಳ್ಳನ್ನು ನೋಡುತ್ತ ಕುಳಿತಿದ್ದೆ ಎಂದಂತಾಗುತ್ತದೆ. ಒಂದೊಂದು ಮೈಲಿಗೂ ಆ ಮಾತು ಭಾರವಾಗುತ್ತಿತ್ತು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಕಾರು ಹೊರಟ ಮೇಲೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನು ಯಂಕೋಬನ ಮೇಲೆ ಹೊರಿಸಿದ. ಎಂಥ ಮನುಷ್ಯ ಇವನು. ಒಂದು ಮಾತು ಹೇಳಿದರೆ ನಾಲಿಗೆ ಸವೆಯುತ್ತದೆಯೇ? ಲಾಲಸಾಬ ಪ್ಲಾಟ್‌ಫಾರಂ ಮೇಲೆ ನಿಂತಿರುತ್ತಾನೆ, ಕೊರಳಲ್ಲಿ ಹೂವಿನ ಹಾರ ಇರುತ್ತದೆ, ಬಂದವರನ್ನೆಲ್ಲ ಅಪ್ಪಿಕೊಳ್ಳುತ್ತಾನೆ, ಬಂದವರ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಾನೆ. ಇಲ್ಲಿ ಇವನು ಬೋರಿಂಗು ಬೋರಿಂಗಿಗೂ ಕೈಮುಗಿಯುತ್ತಿದ್ದಾನೆ. ಹೀಗೆ ಅವನ ಮನಸ್ಸು ಕಾರಿಗಿಂತ ಮುಂದೆ ಓಡಿತು, ಮತ್ತೆ ಹಿಂದಕ್ಕೆ ಬಂತು. ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಬಿಗಿಯಾಗಿದ್ದವು.

ಮುಂದೆ ಕುಳಿತವನ ಪಾಡೂ ಸುಖದ್ದಾಗಿರಲಿಲ್ಲ. ಅವನ ಕಣ್ಣು ರಸ್ತೆಯ ಮೇಲಿದ್ದದ್ದಕ್ಕಿಂತ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲಿದ್ದದ್ದೇ ಹೆಚ್ಚು. ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ದಸ್ತಗೀರ್ ಅದನ್ನು ಕಂಡ. ಕಂಡು, ಅನುಭವಿಸಲಿ ಎಂದುಕೊಂಡ.

ಮೂವತ್ತೈದನೆಯ ಮೈಲಿಗೆ ಒಂದು ಹಳ್ಳಿ ಬಂತು. ಅದರ ಆಚೆ ಎರೆಭೂಮಿಯ ಬಯಲು, ಹತ್ತಿ ಕಿತ್ತು ಖಾಲಿಯಾದ ಹೊಲಗಳು. ಹದಿನೈದು ಮೈಲಿ ಮನೆಯಿಲ್ಲ, ಮರವಿಲ್ಲ, ಬಾವಿಯಿಲ್ಲ. ಯಂಕೋಬನಿಗೂ ಗೊತ್ತಿತ್ತು, ದಸ್ತಗೀರನಿಗೂ ಗೊತ್ತಿತ್ತು. ಯಂಕೋಬ ಈ ಸಲ ನೆಪ ಹೇಳಲಿಲ್ಲ. ಸುಮ್ಮನೆ ಇಳಿದು ಎರಡೂ ಕ್ಯಾನುಗಳನ್ನು ತುಂಬಿಕೊಂಡು ಬಂದ. ಸ್ಟೀರಿಂಗಿನ ಮುಂದೆ ಕುಳಿತ. ಕೀಲಿ ತಿರುಗಿಸಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿದ. ದಸ್ತಗೀರನೂ ಆ ಕನ್ನಡಿಯನ್ನೇ ನೋಡುತ್ತಿದ್ದ. ಕಣ್ಣಿಗೆ ಕಣ್ಣು ಕೂಡಿತು.

ಇವನು ಈಗ ಹೇಳುತ್ತಾನೆ ಎಂದು ದಸ್ತಗೀರ್ ಕಾದ. ಇವರು ಈಗ ಕೇಳುತ್ತಾರೆ ಎಂದು ಯಂಕೋಬ ಕಾದ.

ಎಲ್ಲ ಸರಿಯಿದೆಯಲ್ಲ ಎಂದು ದಸ್ತಗೀರ್ ಮೂರನೆಯ ಸಲ ಕೇಳಿದ. ದನಿ ಕೇಳುವ ದನಿಯಾಗಿರಲಿಲ್ಲ, ಚುಚ್ಚುವ ದನಿಯಾಗಿತ್ತು. ಯಂಕೋಬನ ಮುಖ ಮುಚ್ಚಿಕೊಂಡಿತು. ಸರಿಯಿದೆ, ಹೋಗೋಣವೇ ಎಂದ. ನಿನ್ನಿಷ್ಟ ಎಂದ ದಸ್ತಗೀರ್.

ಬಯಲಿನಲ್ಲಿ ಯಂಕೋಬ ಜೋರಾಗಿ ಓಡಿಸಿದ. ನೀರು ಮುಗಿಯುವುದರೊಳಗೆ ಬಯಲು ಮುಗಿಸಬೇಕು ಎಂಬ ಲೆಕ್ಕ ಅವನದು. ಜೋರಾದಷ್ಟೂ ಎಂಜಿನ್ ಕಾಯಿತು, ಕಾದಷ್ಟೂ ಒಳಗೆ ಒತ್ತಡ ಏರಿ ಬಿರುಕು ಅಗಲವಾಯಿತು. ದಸ್ತಗೀರನಿಗೆ ಅದು ಕಣ್ಣಿಗೆ ಕಂಡಂತೆ ತಿಳಿಯುತ್ತಿತ್ತು. ಬೆರಳುದ್ದವಿದ್ದದ್ದು ಗೇಣುದ್ದವಾಗಿದೆ. ಇನ್ನು ಐದು ಮೈಲಿ ತಾಳೀತು. ಇನ್ನು ಮೂರು. ನಾಲ್ಕು ಮೈಲಿಗೊಮ್ಮೆ ನಿಲ್ಲಿಸಿ ಒಂದೊಂದು ಕ್ಯಾನು ಸುರಿದರು. ಯಂಕೋಬ ಸುರಿದ, ದಸ್ತಗೀರ್ ರಸ್ತೆಯ ಬದಿಗೆ ನಿಂತು ಬಯಲು ನೋಡಿದ. ಸುರಿದ ನೀರು ಸುರಿದಷ್ಟೇ ವೇಗದಲ್ಲಿ ಕೆಳಗೆ ಹೋಗುವುದು ಇಬ್ಬರ ಕಣ್ಣಿಗೂ ಬಿತ್ತು.

ನಲವತ್ತೈದನೆಯ ಕಲ್ಲಿನ ಹತ್ತಿರ ಬಾನೆಟ್ಟಿನ ಸುತ್ತ ಉಗಿ ಎದ್ದಿತು. ಎಂಜಿನ್ನಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಕೂಗು ಬಂತು. ಕಾರು ಒಮ್ಮೆ ಮುಗ್ಗರಿಸಿ ನಿಂತಿತು.

ಯಂಕೋಬ ಇಳಿದು ಬಾನೆಟ್ಟು ಎತ್ತಿ, ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ, ಕಾದ ಮುಚ್ಚಳಕ್ಕೆ ಬರಿಗೈ ಹಾಕಲು ಹೋದ. ದಸ್ತಗೀರ್ ಹಾರಿ ಬಂದು ಅವನ ಮುಂಗೈ ಹಿಡಿದುಕೊಂಡ. ಮುಚ್ಚಳ ತೆಗೆದಿದ್ದರೆ ಒಳಗಿನ ಉಗಿ ಅವನ ಮುಖ ಸುಟ್ಟುಬಿಡುತ್ತಿತ್ತು. ಹಾಗೆ ಕೈ ಹಿಡಿದುಕೊಂಡೇ ದಸ್ತಗೀರ್ ಹೇಳಿದ:

“ಕೆಳಗಿನ ಟ್ಯಾಂಕು. ಬಲಮೂಲಿ. ಬೆಸುಗಿ ಬಿಟ್ಟೈತಿ.”

ಯಂಕೋಬ ಅವನನ್ನೇ ನೋಡಿದ. “ನಿಮಗ ಹೆಂಗ ಗೊತ್ತು?”

“ಮೂವತ್ತು ವರ್ಷ ಅದನ್ನೇ ಮಾಡೀನಿ.”

“ಯಾವಾಗ ಗೊತ್ತಾತು?”

ದಸ್ತಗೀರನಿಗೆ ಸುಳ್ಳು ಹೇಳಬೇಕೆನ್ನಿಸಿತು. ಹೇಳಲಿಲ್ಲ. “ಗಾಡಿ ಹತ್ತೂಕಿಂತ ಮೊದಲೇ,” ಎಂದ.

ಯಂಕೋಬ ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತ. ಒಂದೊಂದೇ ಮಾತು ಹೊರಬಂತು. ಕಾರು ಅವನದಲ್ಲ. ಸೋರುವುದನ್ನು ನಾಲ್ಕು ದಿನದ ಹಿಂದೆಯೇ ಮಾಲೀಕನಿಗೆ ಹೇಳಿದ್ದ. ನೀರು ಹೊಯ್ಯುತ್ತ ಓಡಿಸು, ಬಾಡಿಗೆಯವರ ಮುಂದೆ ಬಾಯಿ ಬಿಟ್ಟರೆ ನಾಳೆಯಿಂದ ಕೀಲಿ ಬೇರೆಯವನ ಕೈಗೆ ಎಂದಿದ್ದ ಮಾಲೀಕ. ಬೆಳಿಗ್ಗೆ ಈ ಬಿಳಿ ಜುಬ್ಬದವರು ಮೈಲಿಗಲ್ಲು ಎಣಿಸುವುದನ್ನು ಕಂಡು, ಇವರಿಗೆ ಬಹಳ ದೊಡ್ಡ ಕೆಲಸವಿದೆ, ಹೇಳಿದರೆ ಹೆದರಿ ನಡುದಾರಿಯಲ್ಲೇ ಇಳಿದುಬಿಡುತ್ತಾರೆ ಎಂದು ಅಂಜಿದ್ದ. ನೀವು ಕೇಳಿದ್ದರೆ ಹೇಳುತ್ತಿದ್ದೆ ಎಂದ.

ಕೇಳಿದೆನಲ್ಲ, ಮೂರು ಸಲ ಕೇಳಿದೆ ಎಂದ ದಸ್ತಗೀರ್.

“ಗಾಡಿ ಸರಿ ಐತೇನು ಅಂದ್ರಿ. ನೀರು ಸೋರಾಕತ್ತೈತಿ, ಬಾ ನೋಡೂಣು ಅನ್ನಲಿಲ್ಲ,” ಎಂದ ಯಂಕೋಬ. ದನಿಯಲ್ಲಿ ಸಿಟ್ಟಿರಲಿಲ್ಲ.

ಬಿಸಿಲು ತಾಳದೆ ಇಬ್ಬರೂ ಕಾರಿನ ನೆರಳಿನಲ್ಲಿ ಕುಳಿತರು. ನೆರಳು ಒಂದು ಮೊಳದಷ್ಟಿತ್ತು. ದಸ್ತಗೀರ್ ಐದು ನಿಮಿಷಕ್ಕೊಮ್ಮೆ ಎದ್ದು ರಸ್ತೆಯ ನಡುವೆ ನಿಂತು ಎರಡೂ ಕಡೆ ನೋಡುತ್ತಿದ್ದ. ಮೂರು ಗಂಟೆ ದಾಟಿದ ಮೇಲೆ ಹತ್ತಿಯ ಅಂಡಿಗೆ ಹೇರಿದ ಒಂದು ಲಾರಿ ಬಂತು. ಅದು ತುಂಬಿದ ಬಸುರಿಯಂತೆ ನಡೆಯುತ್ತಿತ್ತು. ಯಂಕೋಬ ಕಾರು ಬಿಟ್ಟು ಬರುವ ಹಾಗಿರಲಿಲ್ಲ. ದಸ್ತಗೀರ್ ಒಬ್ಬನೇ ಹತ್ತಿದ. ಲಾರಿಯ ಡ್ರೈವರನಿಗೆ ಸ್ವಲ್ಪ ಜೋರಾಗಿ ಬಿಡಪ್ಪಾ ಎಂದ. ಇದಕ್ಕಿಂತ ಜೋರು ಇದರಲ್ಲಿಲ್ಲ ಎಂದ ಅವನು. ದಸ್ತಗೀರನ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಲೇ ಇತ್ತು.

ಅವನು ನಿಲ್ದಾಣ ಮುಟ್ಟಿದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಪ್ಲಾಟ್‌ಫಾರಂ ಮೇಲೆ ಹೂವಿನ ಎಸಳುಗಳು ಬಿದ್ದಿದ್ದವು. ಕಳಿಸಲು ಬಂದವರು ಮೆಟ್ಟಿಲು ಇಳಿಯುತ್ತಿದ್ದರು. ಲಾಲಸಾಬನ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಮಗಳು ದಸ್ತಗೀರನ ಗುರುತು ಹಿಡಿದಳು. ಚಾಚಾ ಎಂದು ಕರೆದು ನಿಲ್ಲಿಸಿ, ಆದದ್ದನ್ನು ಹೇಳಿದಳು. ಅಬ್ಬಾ ಕೊನೆಯವರೆಗೂ ಒಳಗೆ ಹೋಗಿ ಕೂರಲಿಲ್ಲ, ಬಾಗಿಲಲ್ಲೇ ನಿಂತಿದ್ದರು. ದಸ್ತಗೀರ್ ಬಂದರೆ ನನ್ನ ಮನಸ್ಸಿನಲ್ಲಿ ಏನೂ ಇಲ್ಲವೆಂದು ಹೇಳು ಎಂದರು. ರೈಲು ಹೊರಟ ಮೇಲೂ ನಿಂತೇ ಇದ್ದರು.

ಏನೂ ಇಲ್ಲ ಎಂದು ಹೇಳಿಹೋದವನಿಗೆ ಏನು ಹೇಳುವುದು? ದಸ್ತಗೀರ್ ತಾನು ತಂದ ಮಾತನ್ನು ಆ ಹೆಣ್ಣುಮಗಳಿಗೆ ಹೇಳಲು ನೋಡಿದ. ಅವಳಿಗೆ ಆ ರೇಡಿಯೇಟರಿನ ಸಂಗತಿಯೇ ಗೊತ್ತಿರಲಿಲ್ಲ. ಮಾತು ಮತ್ತೆ ಒಳಗೆ ಹೋಯಿತು. ಬರುತ್ತಾನಲ್ಲ, ಎರಡು ತಿಂಗಳು, ಬಂದ ದಿನವೇ ಹೇಳುತ್ತೇನೆ ಎಂದುಕೊಂಡ.

ಮರುದಿನ ಅವನು ತನ್ನ ಊರಿಗೆ ಹೋಗಿ ಒಲೆ, ಸೀಸ, ಕಾವಿನ ಕಬ್ಬಿಣ ಕಟ್ಟಿಕೊಂಡು ಬಯಲಿಗೆ ಬಂದ. ಕಾರು ಅಲ್ಲೇ ಇತ್ತು. ಯಂಕೋಬ ಅದರಲ್ಲೇ ರಾತ್ರಿ ಕಳೆದಿದ್ದ. ಇಬ್ಬರೂ ಸೇರಿ ರೇಡಿಯೇಟರ್ ಬಿಚ್ಚಿದರು. ದಸ್ತಗೀರ್ ಅಂಥ ಬೆಸುಗೆಯನ್ನು ತನ್ನ ಆಯುಷ್ಯದಲ್ಲಿ ಹಾಕಿರಲಿಲ್ಲ. ನೀರು ತುಂಬಿದರು. ಒಂದು ಹನಿಯೂ ಸೋರಲಿಲ್ಲ. ಯಂಕೋಬ ಕೀಲಿ ತಿರುಗಿಸಿದ. ಎಂಜಿನ್ ತಿರುಗಲಿಲ್ಲ. ಒಳಗೆ ಎಲ್ಲ ಒಂದಕ್ಕೊಂದು ಕಚ್ಚಿಕೊಂಡು ಕೂತಿತ್ತು. ಸಂಜೆ ಮಾಲೀಕ ಬಂದ. ಕೀಲಿ ಇಸಿದುಕೊಂಡು ಯಂಕೋಬನನ್ನು ಅಲ್ಲಿಂದಲೇ ಕಳಿಸಿದ. ನನ್ನ ಅಂಗಡಿಗೆ ಬಾ, ಕೆಲಸ ಕಲಿಸುತ್ತೇನೆ ಎಂದು ದಸ್ತಗೀರ್ ಅವನಿಗೆ ತಾನಾಗಿ ಹೇಳಿದ. ಯಂಕೋಬ ತಲೆಯಾಡಿಸಿದ, ಬರಲಿಲ್ಲ.

ಎರಡು ತಿಂಗಳ ಮೇಲೆ ಯಾತ್ರೆಗೆ ಹೋದವರೆಲ್ಲ ಮರಳಿದರು. ಲಾಲಸಾಬ ಮರಳಲಿಲ್ಲ. ಅಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಆ ನೆಲದಲ್ಲೇ ಮಣ್ಣು ಮಾಡಿದರು ಎಂದು ಸುದ್ದಿ ಬಂತು. ದಸ್ತಗೀರ್ ಆ ದಿನವೂ ಅಂಗಡಿ ತೆರೆದ. ಕೈಗೆ ಸಿಕ್ಕ ರೇಡಿಯೇಟರನ್ನು ಎತ್ತಿಕೊಂಡ, ಕೆಳಗಿಟ್ಟ, ಇನ್ನೊಂದು ಎತ್ತಿಕೊಂಡ. ಒಂದು ಕೆಲಸವನ್ನೂ ಮುಗಿಸಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯನಿಗೆ ಕತೆ ಮುಗಿದಂತೆ ತೋರಲಿಲ್ಲ. ಕುಳಿತಲ್ಲೇ ಮಿಸುಕಾಡಿದ. ಡ್ರೈವರನು ಮುಚ್ಚಿಟ್ಟ, ಮೂರು ಸಲ ಕೇಳಿದರೂ ಸುಳ್ಳು ಹೇಳಿದ. ಮೇಸ್ತ್ರಿ ಗೊತ್ತಿದ್ದೂ ಸುಮ್ಮನಿದ್ದ, ಆದರೆ ಸುಳ್ಳು ಹೇಳಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು ಎಂದು ಅವನಿಗೆ ತಿಳಿಯಲಿಲ್ಲ.

“ತಪ್ಪು ಯಾರದು ಅಪ್ಪಾವರೇ?” ಎಂದು ಕೇಳಿದ. “ಮುಚ್ಚಿಟ್ಟವನದೋ, ಕಂಡೂ ಸುಮ್ಮನಿದ್ದವನದೋ?”

ಗುರುಗಳು ಹೇಳಿದರು:

“ಕಾರು ನಿಂತಾಗ ಇಬ್ಬರೂ ಅದರೊಳಗೇ ಇದ್ದರು.”